ಅವರಿಗೆ ಬಾರದ ಭಾಷೆಯಲ್ಲಿ



ನಮ್ಮ ಉದಕಮಂಡಲ ಧರ್ಮಕ್ಷೇತ್ರದಲ್ಲಿ ತಮಿಳು, ಕನ್ನಡ, ಮಲಯಾಳಂ ಆಡುವ ಭಕ್ತರು ಒಂದೇ ಬಲಿಪೀಠದ ಸುತ್ತ ಸೇರುತ್ತಾರೆ. ತಾಳವಾಡಿ ಸೀಮೆಯ ನಮಗೆ ಮನೆಮಾತು ಕನ್ನಡ, ಕಚೇರಿಯ ಮಾತು ತಮಿಳು. ಎರಡು ಮೂರು ಭಾಷೆ ಬರುವುದು ದೇವರು ಕೊಟ್ಟ ವರ. ಆದರೆ ಆ ವರವನ್ನು ಪರದೆಯಂತೆ ಬಳಸುವ ರೂಢಿಯೂ ಊರಲ್ಲಿದೆ. ಎದುರಿಗಿರುವವರಿಗೆ ಕನ್ನಡ ಬಾರದೆಂದು ತಿಳಿದು, ಅವರ ಬಟ್ಟೆ, ಬಡತನ, ಮನೆಯ ಜಗಳ ಎಲ್ಲವನ್ನೂ ಅವರ ಮುಂದೆಯೇ ಆಡಿಕೊಳ್ಳುವುದು. "ಅವರಿಗೇನು ಅರ್ಥವಾಗುತ್ತೆ ಬಿಡಿ" ಎಂಬುದೇ ಇದಕ್ಕೆ ಸಮಾಧಾನ.

ಕಿವುಡರನ್ನು ಶಪಿಸಬಾರದೆಂದು ಯಾಜಕಕಾಂಡ ವಿಧಿಸುತ್ತದೆ (19:14). ಕಿವುಡರಿಗೆ ಶಾಪ ಕೇಳಿಸುವುದೇ ಇಲ್ಲ, ಹಾಗಿದ್ದರೂ ಈ ಕಟ್ಟಳೆ ಏಕೆ? ಕೇಳಿಸಿಕೊಳ್ಳುವ ದೇವರಿದ್ದಾರೆ, ಅವರಿಗೆ ಭಯಪಡಿ ಎಂದು ಆ ವಚನವೇ ತಿಳಿಸುತ್ತದೆ. ನಮ್ಮ ಭಾಷೆ ಬಾರದವರು ನಮ್ಮ ಮಾತಿನ ಮಟ್ಟಿಗೆ ಕಿವುಡರೇ. ತಿರುಗಿ ಉತ್ತರ ಕೊಡಲಾಗದವರ ಬಗ್ಗೆ ಆಡಿದ ಮಾತಿನ ಲೆಕ್ಕವನ್ನು ದೇವರೇ ಕೇಳುತ್ತಾರೆ.

ಅರ್ಥವಾಗುವುದಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಹೊಸದಾಗಿ ಬಂದ ಮನೆಯ ಮಗು ಧರ್ಮೋಪದೇಶದ ತರಗತಿಯಲ್ಲಿ ನಮ್ಮ ಮಕ್ಕಳ ಪಕ್ಕದಲ್ಲೇ ಕೂರುತ್ತದೆ, ಆಡುತ್ತಾಡುತ್ತಾ ಕನ್ನಡ ಕಲಿಯುತ್ತದೆ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಅದರ ತಾಯಿಯ ಬಗ್ಗೆ ಆಡಿದ ಮಾತು ತಾಯಿಗೆ ತಿಳಿಯದಿದ್ದರೂ ಮಗುವಿಗೆ ತಿಳಿಯುತ್ತದೆ. ಅಮ್ಮನಿಗೆ ಹೇಳಲೋ, ನುಂಗಿಕೊಳ್ಳಲೋ ಎಂಬ ಹೊರೆ ಆ ಎಳೆಯ ಮನಸ್ಸಿನ ಮೇಲೆ ಬೀಳುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆಂದು ನಾವು ವಿಜ್ಞಾನದಲ್ಲಿ ಓದಿದ್ದೇವೆ. ದೇವಾಲಯದ ಮೆಟ್ಟಿಲಿನಿಂದ ಗೇಟಿಗೆ ಮಾತು ಮುಟ್ಟಲು ಒಂದು ಸೆಕೆಂಡೂ ಬೇಡ. ಮನಸ್ಸು ಮುರಿದು ಪೂಜೆಗೆ ಬರುವುದನ್ನೇ ಬಿಟ್ಟವರನ್ನು ಮರಳಿ ಕರೆತರಲು ವರ್ಷಗಳೂ ಸಾಲವು.

"ಇದ್ದದ್ದನ್ನೇ ಹೇಳಿದೆವು, ಸುಳ್ಳೇನಲ್ಲ" ಎನ್ನುವವರಿದ್ದಾರೆ. ಇನ್ನೊಬ್ಬರ ನಿಜವಾದ ಕುಂದನ್ನೂ ತಕ್ಕ ಕಾರಣವಿಲ್ಲದೆ, ತಿಳಿಯದವರ ಮುಂದೆ ಬಯಲಿಗಿಡುವುದು ಪಾಪವೆಂದೇ ಕಥೋಲಿಕ ಧರ್ಮಸಭೆಯ ಬೋಧನೆ. ಅಷ್ಟೇ ಅಲ್ಲ, ಕೆಡಿಸಿದ ಹೆಸರನ್ನು ಸರಿಪಡಿಸುವ ಹೊಣೆಯೂ ಆಡಿದವರದೇ.

ದಿಂಬಂ ಘಾಟಿ ಇಳಿದು ಸತ್ಯಮಂಗಲ, ಈರೋಡಿಗೆ ಓದಲು, ದುಡಿಯಲು ಹೋಗುವ ಯುವಜನರಿಗೆ ಈ ನೋವು ಗೊತ್ತು. ನಮ್ಮ ತಮಿಳು ಕೇಳಿ ನಗುವವರು ಅಲ್ಲಿಯೂ ಇದ್ದಾರೆ. ಸಂತ ಪೇತ್ರರನ್ನೂ ಮಹಾಯಾಜಕನ ಅಂಗಳದಲ್ಲಿ ಅವರ ಆಡುನುಡಿಯೇ ಗುರುತು ಹಿಡಿಸಿತು (ಮತ್ತಾಯ 26:73). ಆ ರಾತ್ರಿ ಪ್ರಭುವನ್ನು ಅರಿಯೆನೆಂದ ನಾಲಿಗೆಯನ್ನೇ ಪಂಚಾಶತ್ತಮ ಹಬ್ಬದ ದಿನ ಪವಿತ್ರಾತ್ಮರು ಶುಭಸಂದೇಶ ಸಾರಲು ಬಳಸಿಕೊಂಡರು. ಗಲಿಲೇಯದವರು ಮಾತಾಡಿದರು, ನಾನಾ ನಾಡಿನವರು ತಮ್ಮ ತಮ್ಮ ಭಾಷೆಯಲ್ಲೇ ಕೇಳಿದರು. ಪವಿತ್ರಾತ್ಮರು ಭಾಷೆಗಳನ್ನು ಕೊಟ್ಟದ್ದು ಜನರನ್ನು ಒಳಗೆ ಕರೆಯಲು. ಅದೇ ಭಾಷೆಯಿಂದ ಒಬ್ಬರನ್ನು ಹೊರಗಿಟ್ಟರೆ, ಆ ವರವನ್ನು ತಲೆಕೆಳಗು ಮಾಡಿದಂತೆ.

ಪ್ರತಿ ಬಲಿಪೂಜೆಯಲ್ಲಿ ಶುಭಸಂದೇಶ ವಾಚನಕ್ಕೆ ಮೊದಲು ನಾವು ಹಣೆ, ತುಟಿ, ಎದೆಯ ಮೇಲೆ ಶಿಲುಬೆಯ ಗುರುತು ಹಾಕುತ್ತೇವೆ. ತುಟಿಯ ಮೇಲಿನ ಆ ಪುಟ್ಟ ಶಿಲುಬೆ ಅಂಗಳಕ್ಕೆ ಬರುವಷ್ಟರಲ್ಲಿ ಅಳಿಸಿಹೋಗದಿರಲಿ. ಈ ಭಾನುವಾರ ಕನ್ನಡ ಬಾರದ ಒಬ್ಬರ ಬಳಿ ಹೋಗೋಣ. ತಮಿಳರಾದರೆ "ನಲ್ಲಾ ಇರುಕ್ಕೀಂಗಳಾ?" ಎಂದೋ, ಮಲಯಾಳಿಗಳಾದರೆ "ಸುಖಮಾಣೋ?" ಎಂದೋ ಅವರ ನುಡಿಯಲ್ಲೇ ವಿಚಾರಿಸೋಣ. ಉಚ್ಚಾರಣೆ ತಪ್ಪಿದರೆ ಅವರು ನಗಲಿ, ಜೊತೆಗೆ ನಾವೂ ನಗೋಣ. ಯಾರ ಹೆಸರಾದರೂ ನಮ್ಮ ಮಾತಿನಿಂದ ಕೆಟ್ಟಿದ್ದರೆ, ಯಾರ ಮುಂದೆ ಆಡಿದೆವೋ ಅವರ ಮುಂದೆಯೇ ಅವರ ಒಳ್ಳೆಯತನವನ್ನೂ ಹೇಳೋಣ.

ಎಲ್ಲ ಭಾಷೆಗಳನ್ನೂ ಬಲ್ಲ ಪ್ರಭುವೇ, ನಮ್ಮ ಬಾಯಿಗೆ ನೀವೇ ಕಾವಲಾಗಿರಿ. ಆಮೆನ್.