ಸಾಕ್ಷಿಗೆ ಸಾಕ್ಷಿ ಯಾರು?

ಕೊಕ್ಕನೂರಿನ ನಮ್ಮ ಮನೆಯಲ್ಲಿ ನನ್ನ ಮೇಜಿನ ಮೇಲೆ ಬೆಂಕಿಪೊಟ್ಟಣದ ಗಾತ್ರದ ಎರಡು ತಗಡಿನ ಡಬ್ಬಿಗಳಿವೆ. ಒಳಗಿರುವುದು ಬೆಣಚುಕಲ್ಲಿನ ಜಾತಿಯ ಒಂದು ಹರಳು. ವಿದ್ಯುತ್ತು ತಾಕಿದರೆ ಕಂಪಿಸುತ್ತದೆ. ಕೈಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಕಂಪಿಸಿದರೆ ನನ್ನವು 1 ಕೋಟಿ ಸಲ. ಚಳಿ ಸೆಕೆಗಳಿಗೆ ಅವುಗಳ ಲೆಕ್ಕ ತಪ್ಪದಿರಲೆಂದು ಡಬ್ಬಿಯೊಳಗೇ ಪುಟ್ಟದೊಂದು ಒಲೆಯೂ ಉಂಟು. ಹಳೆಯ ಯಂತ್ರಗಳಿಂದ ಬಿಚ್ಚಿ ಮಾರಿದ ಮಾಲು. ಹೊಸದರ ಬೆಲೆ ನನ್ನಂಥವನಿಗಲ್ಲ.

ಎರಡನ್ನೂ ಹೋಲಿಸಿ ನೋಡಿದೆ. ಕೊಂಚ ವ್ಯತ್ಯಾಸವಿತ್ತು. ಒಂದರ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೆ, ಒಂದಾದವು. ವಾರವಾದರೂ ಒಂದಾಗಿಯೇ ಇದ್ದುವು. ನನಗೋ ಹಿಗ್ಗು! ಒಂದು ಮಾಡಿದವನು ನಾನೇ ಎಂಬುದು ಮರೆತೇ ಹೋಗಿತ್ತು. ಆಮೇಲೆ ಮೂರನೆಯದೊಂದು ಬಂದು ಬೇರೆಯೇ ಹೇಳಿತು. ಇಬ್ಬರ ಮಾತಿನೆದುರು ಒಬ್ಬನ ಮಾತು ನಡೆದೀತೆ? ‘ಕೆಟ್ಟದ್ದು’ ಎಂದು ಚೀಟಿ ಅಂಟಿಸಿ ಅದನ್ನು ಮೂಲೆಗಿಟ್ಟೆ.

ತೀರ್ಪು ಆಕಾಶದಿಂದ ಬಂತು. ಅಗ್ಗದ ಜಿಪಿಎಸ್ ರಿಸೀವರ್ ಒಂದು, ಉಪಗ್ರಹಗಳ ಪರಮಾಣು ಗಡಿಯಾರಗಳನ್ನು ಅನುಸರಿಸಿ ಸೆಕೆಂಡಿಗೊಮ್ಮೆ ಮಿಡಿಯುತ್ತದೆ. ಒಂದು ಮಿಡಿತದಿಂದ ಇನ್ನೊಂದರವರೆಗೆ ಕಂಪನಗಳನ್ನು ಎಣಿಸಿದರೆ, ಒಂದು ಎಣಿಕೆ ಹೆಚ್ಚು ಕಡಿಮೆಯಾಗಿ, ಕೋಟಿಗೊಂದರಷ್ಟು ಅನುಮಾನ ಉಳಿಯುತ್ತದೆ. 1,000 ಸೆಕೆಂಡು ಎಣಿಸಿದಿರೋ, ಅದೇ ಒಂದು ಎಣಿಕೆ ಸಾವಿರ ಕೋಟಿಗೊಂದಾಗುತ್ತದೆ. ದುಡ್ಡಿಲ್ಲದವನಿಗೆ ಕಾಯುವುದೇ ಉಪಕರಣ. ನಡುವೆ ಕರೆಂಟು ಹೋದರೆ ಒಲೆ ಆರಿತು, ಮತ್ತೆ ಮೊದಲಿನಿಂದ! (ನಮ್ಮೂರಲ್ಲಿ ತಾಳ್ಮೆ ಕಲಿಸಲು ಬೇರೆ ಗುರು ಬೇಕಿಲ್ಲ.) ಅಂತೂ ಎಂಟು ದಿನ ಎಣಿಸಿದ ಮೇಲೆ ತಿಳಿಯಿತು: ಮೂಲೆಗಿಟ್ಟದ್ದೇ ಸರಿಗೆ ಹತ್ತಿರ.

ಹರಳಿನ ವಿಷಯವಷ್ಟೇ ಆಗಿದ್ದರೆ ಓದುಗರಿಗೆ ಇಷ್ಟು ತೊಂದರೆ ಕೊಡುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಬದುವಿನ ವ್ಯಾಜ್ಯವೊಂದರಲ್ಲಿ ಪಂಚರ ಜೊತೆ ನಾನೂ ಕುಳಿತಿದ್ದೆ. ಅಣ್ಣತಮ್ಮಂದಿರಿಬ್ಬರು ಬದು ಬೇವಿನಮರದ ಆಚೆಗೆ ಎಂದರು. ಪಕ್ಕದ ಹೊಲದ ಅಜ್ಜಿಯೊಬ್ಬಳು ಈಚೆಗೆ ಎಂದಳು. ಅವರಿಬ್ಬರ ಮಾತು ಅಕ್ಷರಕ್ಕಕ್ಷರ ಹೊಂದುತ್ತಿತ್ತು. ಹೊಂದುತ್ತಿದೆಯೆಂದೇ ನಂಬಿದೆವು. ಇಬ್ಬರೂ ಕೇಳಿದ್ದು ಅಪ್ಪನ ಬಾಯಿಂದ. ಸಾಕ್ಷಿ ಎರಡಲ್ಲ, ಒಂದೇ ಎಂಬುದು ಯಾರಿಗೂ ಹೊಳೆಯಲಿಲ್ಲ. “ಓದಿದೋರು ನೀವು, ನೀವಂದಿದ್ದೇ ಆಗ್ಲಿ ಬಿಡ್ರಿ” ಎಂದು ಅಜ್ಜಿ ಎದ್ದುಹೋದಳು. ಅಳತೆ ಮಾಡಿಸೋಣವೆಂದು ನಾನೂ ಹೇಳಲಿಲ್ಲ. ಸರ್ವೆಯವರು ಬರುವ ತನಕ ಕಾಯಬೇಕಲ್ಲ!

ಆಕಾಶದ ಸಾಕ್ಷಿಯನ್ನು ಮಾತ್ರ ಹೇಗೆ ನಂಬುವುದು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 2013ರಲ್ಲಿ ಮೇಲೇರಿದ, ದಾರಿ ತೋರಿಸುವ ನಮ್ಮ ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎಯ ಮೂರು ರುಬಿಡಿಯಂ ಗಡಿಯಾರಗಳೂ ಕೆಟ್ಟುಹೋದುವು. ಅದಕ್ಕೇ ಆಕಾಶದವನ್ನು ನೆಲದ ಗಡಿಯಾರಗಳೊಡನೆ ಸದಾ ಹೋಲಿಸುತ್ತಿರುತ್ತಾರೆ. ಲೋಕದ ಕಾಲವೆನ್ನುವುದೇ ದೇಶದೇಶಗಳ 400ಕ್ಕೂ ಹೆಚ್ಚು ಪರಮಾಣು ಗಡಿಯಾರಗಳ ಒಂದು ಬಗೆಯ ಸರಾಸರಿ. ಅದೂ ಒಪ್ಪಂದವೇ, ನಿಜ. ಆದರೆ ಆ ಗಡಿಯಾರಗಳು ಒಂದನ್ನೊಂದು ನೋಡಿ ತಿರುಪು ತಿರುಗಿಸಿಕೊಂಡವಲ್ಲ. ಬೇರೆ ಬೇರೆಯಾಗಿ ನಡೆದೂ ಹತ್ತಿರ ಬಂದವು. ನನ್ನ ಎರಡು ಡಬ್ಬಿಗಳಿಗಾಗಲಿ, ಆ ಅಣ್ಣತಮ್ಮಂದಿರಿಗಾಗಲಿ ಈ ಮಾತು ಹೇಳುವಂತಿಲ್ಲ. ಅವರು ಸುಳ್ಳರೆಂದು ನನ್ನ ಅಭಿಪ್ರಾಯವಲ್ಲ. ಅಪ್ಪ ಹೇಳಿದ್ದು ಸರಿಯೇ ಇರಬಹುದು. ನಾವು ಅದನ್ನು ನೋಡಲಿಲ್ಲ, ಅಷ್ಟೆ.

ಮೂರನೆಯ ಡಬ್ಬಿಯ ಚೀಟಿಯನ್ನು ಕಿತ್ತು ಬೇರೆಯದನ್ನು ಅಂಟಿಸಿದ್ದೇನೆ. ಎಣಿಕೆ ಎಷ್ಟು, ಎಷ್ಟು ಹೊತ್ತಿನದು, ಅನುಮಾನ ಎಷ್ಟು, ಮೂರನ್ನೂ ಬರೆದಿದ್ದೇನೆ. ಅಜ್ಜಿ ಇನ್ನೂ ಇದ್ದಾಳೆ. ಬೇವಿನಮರದ ಹತ್ತಿರ ಬಂದರೆ ದಾರಿ ಬಳಸಿ ಹೋಗುತ್ತಾಳೆ. ಸರ್ವೆಗೆ ಅರ್ಜಿ ಕೊಡಲು ಅವಳನ್ನು ಹರಿಹರಕ್ಕೆ ಕರೆದೊಯ್ಯಬೇಕೆಂದುಕೊಂಡು ಇವತ್ತಿಗೆ ನಾಲ್ಕು ದಿನವಾಯಿತು.