ತಕ್ಕಡಿಯೂ ಕನಿಕರವೂ

ಧರ್ಮಸಂಕಟವೆಂಬುದು ರಾಜರಿಗೂ ವೀರರಿಗೂ ಮಾತ್ರ ಒದಗತಕ್ಕುದೆಂದು ಭಾವಿಸುವುದು ಲೋಕದ ರೂಢಿ. ಉಪ್ಪು, ಎಣ್ಣೆ, ಮೊಳೆಗಳನ್ನು ಮಾರುವವನ ಬಾಳಿನಲ್ಲಿ ಅಂಥ ಸೂಕ್ಷ್ಮವೇನಿದ್ದೀತು ಎಂದು ಕೇಳುವವರುಂಟು. ಆದರೆ ಮಹಾಭಾರತದ ಶಾಂತಿಪರ್ವದಲ್ಲಿ ತಪಸ್ವಿಯಾದ ಜಾಜಲಿಗೆ ಧರ್ಮವನ್ನು ತಿಳಿಯಹೇಳಿದವನು ತಕ್ಕಡಿ ಹಿಡಿದ ವರ್ತಕನಾದ ತುಲಾಧಾರನೇ. ಅಂಗಡಿಯೂ ಧರ್ಮಪರೀಕ್ಷೆಯ ಸ್ಥಾನವಾಗಬಲ್ಲುದೆಂಬುದಕ್ಕೆ ಕೆನಡ ದೇಶದ ಬಯಲುಸೀಮೆಯ ಅಂಗಡಿಕಾರನ ಬಾಳು ಒಳ್ಳೆಯ ನಿದರ್ಶನ.

ಆ ಸೀಮೆಗೆ ಪ್ರೇರಿ ಎಂದು ಹೆಸರು. ಕಣ್ಣು ಹಾಯುವವರೆಗೂ ಹುಲ್ಲು ಬೆಳೆದಿದ್ದ ಆ ನೆಲವನ್ನು, ಅಲ್ಲಿ ನೆಲಸಿ ಉಳುವುದಾಗಿ ಒಪ್ಪಿದವರಿಗೆ, 1872ರ ಶಾಸನದಂತೆ ಸರಕಾರವು 10 ಡಾಲರು ಶುಲ್ಕಕ್ಕೆ 160 ಎಕರೆಯ ಮೇರೆಗೆ ಹಂಚಿತು. ರೈಲುದಾರಿ ಮುಂದುವರಿದಂತೆಲ್ಲ ಅದರ ಮಗ್ಗುಲಲ್ಲಿ ಸಣ್ಣ ಊರುಗಳೆದ್ದವು. ನಿಲ್ದಾಣ, ಗೋಧಿಯ ಎತ್ತರವಾದ ಕಣಜ, ಶಾಲೆ, ಚರ್ಚು, ಅಂಗಡಿ—ಊರೆಂದರೆ ಹೆಚ್ಚಾಗಿ ಇಷ್ಟೆ. ಅಂಗಡಿಯಲ್ಲಿ ಹಿಟ್ಟು, ಸಕ್ಕರೆ, ಚಹ, ಸೀಮೆಎಣ್ಣೆ, ಬಟ್ಟೆ, ಬೂಟ್ಸು ಎಲ್ಲವೂ ದೊರೆಯುತ್ತಿದ್ದವು. ಒಕ್ಕಲಗಿತ್ತಿಯರು ಬೆಣ್ಣೆ ಮೊಟ್ಟೆಗಳನ್ನು ತಂದು ಅವುಗಳಿಗೆ ಬದಲಾಗಿ ಸಾಮಾನುಗಳನ್ನು ಒಯ್ಯುತ್ತಿದ್ದರು.

ಅಂಗಡಿಕಾರನ ಕಷ್ಟವು ಕಾಲದ ಕಷ್ಟ. ಒಕ್ಕಲಿಗನ ಕೈಗೆ ಹಣ ಬರುತ್ತಿದ್ದುದು ವರ್ಷಕ್ಕೊಮ್ಮೆ, ಸುಗ್ಗಿಯಲ್ಲಿ. ಸಗಟು ವರ್ತಕನಾದರೋ ಸುಗ್ಗಿಯವರೆಗೆ ಕಾಯುವವನಲ್ಲ. ಈ ಎರಡರ ನಡುವಣ ತಿಂಗಳುಗಳೆಲ್ಲ ಅಂಗಡಿಯ ಉದ್ದರಿ ಪುಸ್ತಕದಲ್ಲಿ ಕಳೆಯಬೇಕಾಗಿದ್ದಿತು. ಇದಲ್ಲದೆ ಈಟನ್ ಕಂಪೆನಿಯ ಸಾಮಾನುಪಟ್ಟಿ ಅಂಚೆಯಲ್ಲಿ ಮನೆಮನೆಗೂ ಬರುತ್ತಿದ್ದಿತು. ನಗದು ಇದ್ದವರು ಎಷ್ಟೋ ವೇಳೆ ಅದನ್ನು ಆ ಕಂಪೆನಿಗೆ ಕಳುಹಿಸಿ, ಕೈ ಬರಿದಾದಾಗ ಊರ ಅಂಗಡಿಯ ಮೆಟ್ಟಿಲೇರುತ್ತಿದ್ದರು.

ಮಳೆ ಬೆಳೆ ಸರಿಯಾಗಿರುವವರೆಗೆ ಇದೆಲ್ಲ ಹೇಗೋ ಸಾಗಿತು. ಸಸ್ಕಾಚವನ್ ಪ್ರಾಂತದಲ್ಲಿ 1928ರಲ್ಲಿ ಎಕರೆಗೆ ಸರಾಸರಿ 23 ಬುಷೆಲ್ಲಿಗೂ ಮಿಗಿಲಾಗಿ ಗೋಧಿ ಬೆಳೆಯಿತು. ಬಳಿಕ ಬೆಲೆಯೂ ಮಳೆಯೂ ಒಟ್ಟಿಗೆ ಕೈಕೊಟ್ಟವು. 1932ರ ಕೊನೆಯಲ್ಲಿ ಬುಷೆಲ್ಲಿನ ಬೆಲೆ 40 ಸೆಂಟಿಗೂ ಕೆಳಗಿಳಿಯಿತು. 1937ರಲ್ಲಿ ಎಕರೆಗೆ 3 ಬುಷೆಲ್ಲೂ ಬೆಳೆಯಲಿಲ್ಲ. ಹೊಲದ ಮಣ್ಣು ಗಾಳಿಗೆ ಹಾರಿಹೋಯಿತು. ಇಂಥ ಸಮಯದಲ್ಲಿ, ಹಿಂದಿನ ಎರಡು ವರ್ಷದ ಬಾಕಿಯನ್ನೇ ತೀರಿಸದ ಒಕ್ಕಲಿಗನೊಬ್ಬನು ಒಂದು ಚೀಲ ಹಿಟ್ಟನ್ನೂ ಮಗುವಿಗೆ ಒಂದು ಜೊತೆ ಬೂಟ್ಸನ್ನೂ ಕೇಳಿದರೆ ಅಂಗಡಿಕಾರನು ಮಾಡತಕ್ಕುದೇನು?

ಕೊಡಬೇಕೆಂದು ಹೃದಯವು ಹೇಳುತ್ತದೆ. ಆದರೆ ಹಿಟ್ಟಿನ ಚೀಲ ಇನ್ನೂ ಅವನದಲ್ಲ. ಸಗಟು ವರ್ತಕನಿಗೆ ಅದರ ಬೆಲೆ ಸಂದಿಲ್ಲ. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದನೆಂಬ ಗಾದೆ ಅವನಿಗೆ ತಗುಲಲಾರದೆ? ಅಂಗಡಿಯೇ ಮುಚ್ಚಿಹೋದರೆ ಇಡೀ ಊರಿಗೆ ಹಿಟ್ಟು ತರುವವರಾರು? ಹಾಗೆಂದು ನಷ್ಟವನ್ನು ತುಂಬಿಕೊಳ್ಳಲು ಸಾಮಾನಿನ ಬೆಲೆಯನ್ನು ಗುಟ್ಟಾಗಿ ಏರಿಸಿದನೆನ್ನೋಣ. ಆಗ ನಗದು ಕೊಟ್ಟು ಕೊಳ್ಳುವ ಬಡ ವಿಧವೆಯು ತಾನರಿಯದೆ ಇನ್ನೊಬ್ಬನ ಸಾಲವನ್ನು ತೀರಿಸಿದಂತಾಯಿತು. ಆ ದಾನದ ಪುಣ್ಯ ಅಂಗಡಿಕಾರನದೆಂದು ಹೇಳಲಾಗದು.

ಹಾಗಾದರೆ ಕೊಡದಿರುವುದೇ ನ್ಯಾಯವೆ? ಅದೂ ಸಲ್ಲದು. ಒಳ್ಳೆಯ ವರ್ಷಗಳಲ್ಲಿ ಅದೇ ಒಕ್ಕಲಿಗನ ಬೆಳೆಯಿಂದಲೇ ಅಂಗಡಿ ಲಾಭ ಕಂಡಿದೆ. ಮಳೆಯ ಲಾಭಕ್ಕೆ ಪಾಲುದಾರನಾದವನು ಬರದ ನಷ್ಟಕ್ಕೆ ಹೊರಗಿನವನಾಗಲಾರನು. ಸಾಲಿಗನ ತಪ್ಪಿಲ್ಲದೆ ಬೆಳೆದ ಸಾಲವನ್ನು ಇದ್ದಂತೆಯೇ ವಸೂಲುಮಾಡುವುದು ನ್ಯಾಯವಲ್ಲವೆಂದು ಕೆನಡದ ಪಾರ್ಲಿಮೆಂಟೂ ಮನಗಂಡು, ರೈತರ ಸಾಲಗಳ ಹೊಂದಾಣಿಕೆಗಾಗಿ 1934ರಲ್ಲಿ ಶಾಸನವೊಂದನ್ನು ಮಾಡಿತು. ಮೇಲಾಗಿ ದೂರದ ಕಂಪೆನಿಗೆ ಆ ಮಗುವಿನ ಕಾಲು ಕಾಣದು, ಅಂಗಡಿಕಾರನಿಗೆ ಕಾಣುತ್ತದೆ. ಕಂಡವನಿಗೆ ಕಾಣದವನಿಗಿಂತ ಹೆಚ್ಚಿನ ಹೊಣೆಯುಂಟು.

ಆದುದರಿಂದ ಕೊಡುವುದೋ ಬಿಡುವುದೋ ಎಂಬುದಕ್ಕಿಂತ, ಕೊಟ್ಟುದನ್ನು ಯಾವ ಹೆಸರಿನಿಂದ ಬರೆದುಕೊಳ್ಳುವುದು ಎಂಬುದೇ ಇಲ್ಲಿ ಮುಖ್ಯವಾದ ವಿಚಾರ. ತೀರೀತೆಂಬ ನಂಬಿಕೆಯಿಂದ ಕೊಟ್ಟುದು ಸಾಲ. ತೀರದೆಂದು ತಿಳಿದೂ ಕೊಟ್ಟುದು ದಾನ. ದಾನವನ್ನು ಸಾಲವೆಂದು ಬರೆದಿಟ್ಟರೆ ಪಡೆದವನು ಜನ್ಮವೆಲ್ಲ ತಲೆತಗ್ಗಿಸಿ ನಡೆಯಬೇಕಾಗುತ್ತದೆ. ಕೊಟ್ಟವನ ಮನಸ್ಸಿನಲ್ಲಿ ಒಡೆತನದ ಮದವು ಬೆಳೆಯುತ್ತದೆ. ಸಾಲವನ್ನು ದಾನವೆಂದು ಬಗೆದರೆ “ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ” ಎಂಬಂತಾಗಿ, ಮುಂದೆ ಬರುವ ನಿಜವಾದ ದೀನನಿಗೆ ಅಂಗಡಿಯ ಬಾಗಿಲು ಮುಚ್ಚುತ್ತದೆ. ತನ್ನ ಲಾಭದಿಂದ ಎಷ್ಟನ್ನು ಬಿಡಬಲ್ಲೆನೆಂದು ಅಂಗಡಿಕಾರನು ಮೊದಲು ಲೆಕ್ಕ ಮಾಡಿಕೊಂಡು, ಹಸಿವಿಗೆ ಮೊದಲು, ಚಳಿಗೆ ಅನಂತರ ಎಂದು ಅದನ್ನು ವಿನಿಯೋಗಿಸಿ, ತನ್ನ ಖರ್ಚಿನಲ್ಲೇ ಬರೆದುಕೊಳ್ಳತಕ್ಕುದು. ಉಳಿದುದಕ್ಕೆ ಇಲ್ಲವೆಂದು ಮುಖ ನೋಡಿ ಮೃದುವಾಗಿ ಹೇಳತಕ್ಕುದು.

ಹೀಗೆ ನಡೆದರೂ ಅವನ ಸಂಕಟ ತೀರಿತೆನ್ನುವಂತಿಲ್ಲ. ಅವನ ಲಾಭವೇ ಅಲ್ಪ. ಬರವಾದರೋ ವರ್ಷ ವರ್ಷವೂ ಬಂದಿತು. ಇಲ್ಲವೆನಿಸಿಕೊಂಡು ಹಿಂದಿರುಗಿದವನ ಮನೆಯಲ್ಲಿಯೂ ಮಕ್ಕಳುಂಟು; ಅದನ್ನು ಅಂಗಡಿಕಾರನು ಬಲ್ಲನು. ಆ ನೋವನ್ನು ಕಳೆದುಕೊಳ್ಳುವ ಉಪಾಯ ಯಾವ ಶಾಸ್ತ್ರದಲ್ಲಿಯೂ ಇಲ್ಲ. ಆದರೆ ಆ ನೋವು ಉಳಿದಿರುವವರೆಗೆ ಅವನ ತಕ್ಕಡಿಯನ್ನು ಊರು ನಂಬಬಹುದು.