ವಿನಯವೂ ಮೌನವೂ

ಹಿರಿಯರ ಮುಂದೆ ಬಾಯ್ದೆರೆಯದಿರುವುದೇ ವಿನಯವೆಂಬ ಭಾವನೆ ಈ ನಾಡಿನ ಮನೆಗಳಲ್ಲಿ ಬಹುಕಾಲದಿಂದ ಬೇರೂರಿರುವುದು. ತುಮಕೂರಿನ ವಕೀಲರ ಮನೆಯಾಗಲಿ, ಗುಬ್ಬಿಯ ವರ್ತಕರ ಮನೆಯಾಗಲಿ, ಕುಣಿಗಲಿನ ಒಕ್ಕಲಿಗರ ಮನೆಯಾಗಲಿ, ಯಜಮಾನನು ತಪ್ಪು ಲೆಕ್ಕ ಹೇಳಿದಾಗ ಅದನ್ನರಿತ ಮಗನು ತಲೆತಗ್ಗಿಸಿ ಸುಮ್ಮನಿದ್ದರೆ ಸುಶೀಲನೆನ್ನುವರು; ‘ಅಪ್ಪಾ, ಲೆಕ್ಕ ತಪ್ಪಿತು’ ಎಂದರೆ ಎದುರಾಡುವವನೆನ್ನುವರು. ಅಲ್ಲಿ ಹೋಗುವುದು ಕೆಲವು ರೂಪಾಯಿಗಳು ಮಾತ್ರವಾದುದರಿಂದ ಈ ಭಾವನೆಯನ್ನು ಯಾರೂ ಒರೆಗೆ ಹಚ್ಚುವುದಿಲ್ಲ. ಒಂದು ಮಾತಿನ ಮೇಲೆ ನೂರಾರು ಪ್ರಾಣಗಳು ನಿಂತಿರುವ ಎಡೆಯಲ್ಲಿ ಪರೀಕ್ಷಿಸಿದರೆ ಮಾತ್ರ ವಿನಯವಾವುದು, ಬರಿಯ ಮೌನವಾವುದು ಎಂಬುದು ಬೇರೆಬೇರೆಯಾಗಿ ಕಾಣುವುದು. ಅಂಥದೊಂದು ಎಡೆ ವಿಮಾನನಿಲ್ದಾಣದ ರನ್‌ವೇ. ಗುಬ್ಬಿ ತಾಲ್ಲೂಕಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯು 2023ನೆಯ ಇಸವಿ ಫೆಬ್ರವರಿ 6ರಂದು ಉದ್ಘಾಟನೆಯಾದ ಮೇಲೆ, ಆಕಾಶಯಾನದ ವಿಚಾರವು ಈ ಜಿಲ್ಲೆಗೆ ದೂರದ ಮಾತೂ ಅಲ್ಲ.

ವಿಮಾನವು ನೆಲಬಿಟ್ಟೇಳುವುದಕ್ಕೂ ನೆಲಕ್ಕಿಳಿಯುವುದಕ್ಕೂ ಗೋಪುರದ ನಿಯಂತ್ರಣಾಧಿಕಾರಿಯ ಅಪ್ಪಣೆ ಬೇಕು. ವೈಮಾನಿಕನಿಗೆ ತನ್ನ ವಿಮಾನದ ಸ್ಥಿತಿ ಗೊತ್ತು, ಉಳಿದ ವಿಮಾನಗಳ ಸ್ಥಿತಿ ಪೂರ್ಣವಾಗಿ ಗೊತ್ತಿಲ್ಲ. ಗೋಪುರದವನಿಗೆ ಎಲ್ಲ ವಿಮಾನಗಳ ನೆಲೆಯೂ ಗೊತ್ತು, ಒಂದೊಂದರ ಒಳಗಿನ ಸ್ಥಿತಿ ಗೊತ್ತಿಲ್ಲ. ಇವರಿಬ್ಬರನ್ನು ಬಿಗಿದಿರುವ ಹಗ್ಗವೆಂದರೆ ಮುಖ್ಯವಾಗಿ ರೇಡಿಯೋವಿನ ಮಾತು. ಆದುದರಿಂದಲೇ ಅಪ್ಪಣೆಯನ್ನು ಕೇಳಿದವನು ಅದನ್ನು ಮರಳಿ ಉಚ್ಚರಿಸಬೇಕು. ಅಪ್ಪಣೆಯಿತ್ತವನು ಆ ಮರುನುಡಿಯನ್ನು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ತಿದ್ದಬೇಕು. ವೇದಪಾಠಶಾಲೆಗಳ ಸಂಥೆಯ ಕ್ರಮವೂ ಇದೇ. ಗುರುವು ಒಮ್ಮೆ ಹೇಳಿದುದನ್ನು ಶಿಷ್ಯನು ಎರಡು ಸಲ ಹೇಳುವನು. ಸ್ವರ ತಪ್ಪಿದರೆ ಗುರುವು ಅಲ್ಲಿಯೇ ತಡೆಯುವನು. ಹೇಳಿದ ಮಾತ್ರಕ್ಕೆ ಮಾತು ಮುಟ್ಟಲಿಲ್ಲ, ಮರಳಿ ಬಂದಾಗಲೇ ಮುಟ್ಟಿತು ಎಂಬುದು ಎರಡು ಕಡೆಯ ತತ್ತ್ವವೂ ಹೌದು.

ಈ ತತ್ತ್ವಕ್ಕೆ ಭಂಗ ಬರುವ ಬಗೆ ಮೂರು. ಹೇಳಬೇಕಾದುದನ್ನು ಹೇಳದಿರುವುದು ಮೊದಲನೆಯದು; ಹೇಳಿದುದು ಅಸ್ಪಷ್ಟವಾಗಿರುವುದು ಎರಡನೆಯದು; ಸ್ಪಷ್ಟವಾಗಿ ಹೇಳಿದುದನ್ನು ಕೇಳಬೇಕಾದವನು ಮನ್ನಿಸದಿರುವುದು ಮೂರನೆಯದು.

ಮೊದಲನೆಯದಕ್ಕೆ ನಿದರ್ಶನ ಬೆಂಗಳೂರಿನಲ್ಲಿಯೇ ಉಂಟು. 2022ನೆಯ ಇಸವಿ ಜನವರಿ 7ರ ಬೆಳಗ್ಗೆ ಅಲ್ಲಿನ ಎರಡು ಸಮಾನಾಂತರ ರನ್‌ವೇಗಳ ಪೈಕಿ ದಕ್ಷಿಣದ್ದನ್ನು ನಿಲ್ಲಿಸಿ, ಉತ್ತರದ್ದೊಂದನ್ನೇ ಬಳಸುವ ನಿರ್ಧಾರವಾಯಿತು. ಆ ನಿರ್ಧಾರವು ದಕ್ಷಿಣದ ಗೋಪುರದವನಿಗೆ ತಿಳಿಯಲಿಲ್ಲ. ಎರಡು ರನ್‌ವೇಗಳಿಂದಲೂ ಒಂದೊಂದು ವಿಮಾನವು ಬಹುಮಟ್ಟಿಗೆ ಏಕಕಾಲದಲ್ಲಿ ಮೇಲೆದ್ದು ಒಂದರ ದಾರಿಗೊಂದು ಸಮೀಪಿಸತೊಡಗಿದುವು. ರಾಡಾರಿನ ಮುಂದೆ ಕುಳಿತಿದ್ದ ಅಧಿಕಾರಿಯು ಅದನ್ನು ಕಂಡು ಅವನ್ನು ಬೇರೆಬೇರೆ ದಿಕ್ಕಿಗೆ ತಿರುಗಿಸಿದುದರಿಂದ 400ಕ್ಕೂ ಹೆಚ್ಚು ಜನ ಉಳಿದರು. ಇಲ್ಲಿ ಯಾರಲ್ಲಿಯೂ ದುರುದ್ದೇಶವಿರಲಿಲ್ಲ. ಒಂದು ವಾಕ್ಯ ಮಾತ್ರ ಇರಲಿಲ್ಲ.

ಎರಡನೆಯದಕ್ಕೆ ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದ ದುರಂತವೇ ಸಾಕ್ಷಿ. 1977ನೆಯ ಇಸವಿ ಮಾರ್ಚಿ 27ರಂದು ಮಂಜು ಮುಸುಕಿದ ಒಂದೇ ರನ್‌ವೇಯಲ್ಲಿ ಎರಡು ಭಾರಿ ವಿಮಾನಗಳಿದ್ದುವು. ಅಪ್ಪಣೆ ದೊರೆಯುವ ಮೊದಲೇ ಓಡತೊಡಗಿದ ವಿಮಾನದಿಂದ ಬಂದ ಮಾತು ‘ಏಳಲು ಸಿದ್ಧ’ವೆಂದೋ ‘ಏಳುತ್ತಿರುವೆವು’ ಎಂದೋ ತಿಳಿಯುವಂತಿರಲಿಲ್ಲ. ‘ಓಕೆ’ ಎಂದ ಬಳಿಕ ಗೋಪುರವು ‘ತಾಳಿ’ ಎಂದಿತು. ಅದೇ ಕ್ಷಣದಲ್ಲಿ ಮತ್ತೊಂದು ವಿಮಾನವೂ ಮಾತನಾಡಿದುದರಿಂದ ಮುಂದಿನ ನುಡಿ ಗದ್ದಲದಲ್ಲಿ ಅಡಗಿತು. ಎದುರಿನ ವಿಮಾನವು ಇನ್ನೂ ದಾರಿ ಬಿಟ್ಟಿಲ್ಲವೇ ಎಂದು ಒಳಗಿದ್ದ ಎಂಜಿನಿಯರನು ಶಂಕಿಸಿ ಕೇಳಿದನು. ಬಿಟ್ಟಿದೆಯೆಂದು ಪ್ರಧಾನ ವೈಮಾನಿಕನು ಖಂಡಿತವಾಗಿ ಹೇಳಿದನು. ಶಂಕೆಯು ಅಲ್ಲಿಗೇ ನಿಂತಿತು. 583 ಜನರು ಮಡಿದರು. ‘ಟೇಕ್‌ಆಫ್’ ಎಂಬ ಪದವನ್ನು ನಿಜವಾದ ಅಪ್ಪಣೆಯ ಸಂದರ್ಭಕ್ಕೇ ಮೀಸಲಿಡಬೇಕೆಂಬ ಕಟ್ಟುಪಾಡು ಆ ಬಳಿಕ ಬಿಗಿಯಾಯಿತು.

ಮೂರನೆಯದು ಮಂಗಳೂರಿನ ಬಜಪೆಯದು, ಕನ್ನಡಿಗರು ಮರೆಯಲಾಗದುದು. 2010ನೆಯ ಇಸವಿ ಮೇ 22ರ ಬೆಳಗಿನಲ್ಲಿ ದುಬೈಯಿಂದ ಬಂದ ವಿಮಾನವು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ ರನ್‌ವೇಯನ್ನು ಸಮೀಪಿಸುತ್ತಿದ್ದಿತು. ಸಹವೈಮಾನಿಕನು ‘ಗೋ ಅರೌಂಡ್’, ಎಂದರೆ ಇಳಿಯದೆ ಮೇಲೇರಿ ಸುತ್ತಿ ಬರೋಣ ಎಂದು ಮೂರು ಸಲ ನುಡಿದನು, ಯಂತ್ರವೂ ಎಚ್ಚರಿಸಿತು. ದಾರಿ ಸರಿಯಾಗಿದೆಯೇ ಎಂದು ಗೋಪುರವು ಕೇಳಿದಾಗ, ಹೌದೆಂದು ಹೇಳುವಂತೆ ಹಿರಿಯನು ಕಿರಿಯನನ್ನು ಒತ್ತಾಯಿಸಿದನೆಂದು ತನಿಖೆಯ ವರದಿಯು ಹೇಳುವುದು. ಸುಮಾರು 8000 ಅಡಿಯ ರನ್‌ವೇಯಲ್ಲಿ ಸುಮಾರು 5200 ಅಡಿ ಕಳೆದ ಮೇಲೆ ನೆಲಮುಟ್ಟಿದ ವಿಮಾನವು ಗುಡ್ಡದ ಅಂಚಿನಿಂದ ಕಣಿವೆಗೆ ಬಿದ್ದಿತು. 166 ಜನರಲ್ಲಿ ಉಳಿದವರು 8 ಮಂದಿ. ಮೃತರನ್ನು ನಿಂದಿಸುವುದು ಇಲ್ಲಿನ ಉದ್ದೇಶವಲ್ಲ. ಪ್ರಧಾನ ವೈಮಾನಿಕನು ಪ್ರಯಾಣದ ಬಹುಭಾಗದಲ್ಲಿ ನಿದ್ರಿಸಿದ್ದನೆಂದೂ ಅದೇ ವರದಿಯಲ್ಲಿರುವುದರಿಂದ, ಅದು ಮನುಷ್ಯನ ಹುಟ್ಟುದೌರ್ಬಲ್ಯವೆನ್ನಬೇಕು. ಆದರೆ ವಿಚಾರಿಸಬೇಕಾದ ಧರ್ಮಸೂಕ್ಷ್ಮವೊಂದಿದೆ: ಮೂರು ಸಲ ಸತ್ಯವನ್ನು ನುಡಿದವನ ಕರ್ತವ್ಯವು ನುಡಿದುದರಲ್ಲಿಯೇ ಮುಗಿಯಿತೇ?

ರಾಮಾಯಣದ ಮಾರೀಚನ ಸ್ಥಿತಿ ಇಲ್ಲಿ ನೆನಪಿಗೆ ಬರುವುದು. ರಾವಣನ ಸಂಕಲ್ಪವು ಕುಲನಾಶಕವೆಂದು ಮಾರೀಚನು ಬಿಚ್ಚಿ ಹೇಳಿದನು. ರಾವಣನು ಗದರಿಸಲು, ತಾನೇ ಹೊನ್ನಜಿಂಕೆಯಾಗಿ ಹೊರಟನು. ಅವನ ಮಾತು ಸತ್ಯವಾಗಿದ್ದಿತು, ಕೈ ಮಾತ್ರ ಅಸತ್ಯದ ಕೆಲಸವನ್ನು ಮಾಡಿತು. ಹೇಳಿದೆನೆಂಬ ಸಮಾಧಾನವು ಅವನನ್ನೂ ಉಳಿಸಲಿಲ್ಲ, ಲಂಕೆಯನ್ನೂ ಉಳಿಸಲಿಲ್ಲ.

ಕಿರಿಯರೆಲ್ಲರೂ ಹೀಗೆ ತಡೆಯುತ್ತ ಹೋದರೆ ಅಧಿಕಾರವೆಲ್ಲಿ, ಕಾರ್ಯವೆಲ್ಲಿ ಎಂದು ಆಕ್ಷೇಪಿಸಬಹುದು. ಆಕ್ಷೇಪವು ಹುರುಳಿಲ್ಲದುದಲ್ಲ. ಇಬ್ಬರು ಯಜಮಾನರಿರುವ ವಿಮಾನವೂ ನಡೆಯದು, ಮನೆಯೂ ನಡೆಯದು. ಆದರೆ ಅಧಿಕಾರವು ಹಿರಿಯನಿಗೆ ದೊರೆತಿರುವುದು ಅವನ ಮಾನಕ್ಕಾಗಿ ಅಲ್ಲ, ಹಿಂದೆ ಕುಳಿತವರ ಪ್ರಾಣಕ್ಕಾಗಿ. ಯಾವುದಕ್ಕಾಗಿ ಅಧಿಕಾರವಿದೆಯೋ ಅದೇ ಅಳಿಯುವಂತಾದಾಗ ತಡೆಯುವವನು ಅಧಿಕಾರವನ್ನು ಕೆಡಿಸುವುದಿಲ್ಲ, ಅದರ ಕೆಲಸವನ್ನೇ ಮಾಡುತ್ತಾನೆ. ಆದುದರಿಂದ ಮೊದಲು ತಿಳಿಸುವುದು, ಬಳಿಕ ಸ್ಪಷ್ಟವಾಗಿ ಎಚ್ಚರಿಸುವುದು, ಅಪಾಯವು ಕಣ್ಣೆದುರಿಗೆ ಬಂದೂ ಮಾತು ಫಲಿಸದಿದ್ದರೆ ನಿಯಂತ್ರಣವನ್ನು ತಾನೇ ಕೈಗೊಳ್ಳುವುದು ಎಂಬ ಮೆಟ್ಟಿಲುಗಳನ್ನು ಇಂದು ಸಹವೈಮಾನಿಕರಿಗೆ ಕಲಿಸುತ್ತಾರೆ. ಇದು ಅವಿನಯದ ಪಾಠವಲ್ಲ; ವಿನಯಕ್ಕೆ ಬೆನ್ನೆಲುಬನ್ನು ಕೊಡುವ ಪಾಠ.

ಹೊರೆಯೆಲ್ಲವನ್ನೂ ಕಿರಿಯನ ತಲೆಗೇ ಹೊರಿಸುವುದೂ ನ್ಯಾಯವಲ್ಲ. ಇಪ್ಪತ್ತು ವರ್ಷ ಮನೆಯಲ್ಲಿಯೂ ಶಾಲೆಯಲ್ಲಿಯೂ ‘ಬಾಯಿ ಮುಚ್ಚು’ ಎಂದು ಕಲಿಸಿದವನಿಂದ ಒಂದು ಕ್ಷಣದಲ್ಲಿ ‘ನಿಲ್ಲಿಸಿ’ ಎಂಬ ಮಾತನ್ನು ನಿರೀಕ್ಷಿಸುವುದು ಹೇಗೆ? ಕುಣಿಗಲಿನ ಕೆರೆಯ ಏರಿಯಲ್ಲಿ ನೀರು ಜಿನುಗುವುದನ್ನು ನಡುರಾತ್ರಿಯಲ್ಲಿ ಒಬ್ಬ ಹುಡುಗನು ಕಂಡನೆಂದು ಭಾವಿಸೋಣ. ಅವನು ಯಜಮಾನನ ಬಾಗಿಲನ್ನು ತಟ್ಟುವನೋ ಇಲ್ಲವೋ ಎಂಬುದು, ಹಿಂದೆ ಒಮ್ಮೆ ತಟ್ಟಿದಾಗ ಒಳಗಿನಿಂದ ಬಂದ ಮಾತು ಎಂಥದು ಎಂಬುದರ ಮೇಲೆ ನಿಂತಿರುವುದು. ಆದ್ದರಿಂದ ‘ಅಪ್ಪಾ, ಲೆಕ್ಕ ತಪ್ಪಿತು’ ಎಂದ ಮಗನಿಗೆ, ‘ಎಲ್ಲಿ, ತೋರಿಸು’ ಎನ್ನುವ ತಂದೆಯು ಮುಂದೆ ಎಲ್ಲಿಯೋ, ಯಾರದೋ ಪ್ರಾಣವನ್ನು ಕಾಪಾಡುತ್ತಿರುವನು.